ಅಪ್ಪನ ಕಾರಿನ ‘ಕರ್ರ್’

ಹಳೆಯ ಕಾರು ಇರುವ ಮನೆಯಲ್ಲಿ ಇಂಥ ಪ್ರಸಂಗಗಳಿಗೆ ಕೊನೆಯೆಂಬುದಿಲ್ಲ. ಒಂದು ಸಪ್ಪಳವನ್ನು ಹುಡುಕಲು ಹೊರಟವರಿಗೆ ಮೂರು ಸಪ್ಪಳಗಳು ಸಿಗುತ್ತವೆ, ಹುಡುಕಿದ್ದೊಂದನ್ನು ಬಿಟ್ಟು.

ನಮ್ಮದು ಬನಹಟ್ಟಿ. ಅಪ್ಪ ಹರೆಯದಿಂದ ನರೆಯವರೆಗೆ ಪವರ್‌ಲೂಮ್ ನಡೆಸಿದವರು. ವಯಸ್ಸಾಯಿತೆಂದು ಮಗ್ಗಗಳನ್ನು ಮಾರಿದ ಮೇಲೆ ಅವರ ಕೈಗೆ ಉಳಿದ ಯಂತ್ರವೆಂದರೆ ಬಿಳಿಯ ಹಳೆಯ ಕಾರೊಂದೇ. ಪ್ರತಿ ಸೋಮವಾರ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಜಮಖಂಡಿ ದಾಟಿ ಚಿಕ್ಕಪಡಸಲಗಿಯ ಬ್ಯಾರೇಜಿಗೆ ಹೋಗಿ, ಕೃಷ್ಣೆಯ ನೀರು ನೋಡುತ್ತ ರೊಟ್ಟಿಯ ಬುತ್ತಿ ಉಂಡು ಬರುವುದು ಅವರ ವ್ರತ. ಮಗ್ಗದ ಶೆಡ್ಡಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದಂತೆ ಆಯುಷ್ಯ ಕಳೆದ ಆ ದಂಪತಿಗೆ, ಗಾಜು ಏರಿಸಿದ ಆ ಕಾರೇ ಮೊದಲ ಏಕಾಂತವಾಗಿತ್ತು.

ದೀಪಾವಳಿ ಮುಗಿದು ಕಬ್ಬಿನ ಹಂಗಾಮು ಶುರುವಾಗಿತ್ತು. ಬೀಳಗಿಯ ಮದುವೆಯೊಂದನ್ನು ಮುಗಿಸಿಕೊಂಡು ಎಲ್ಲರೂ ಮರಳುತ್ತಿದ್ದೆವು. ಜಮಖಂಡಿ ಬಸ್ ಸ್ಟ್ಯಾಂಡಿನ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ ಬಂದವು, ಕಾರು ನಿಂತಿತು. ಆಗ ಕೇಳಿಸಿತು, ತಗಡು ಹರಿದಂತೆ ಒಂದು ಸಪ್ಪಳ: ‘ಕರ್ರ್!’ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ ಅಣ್ಣ ಬೆಚ್ಚಿ ಎದ್ದ. ಮನೆ ಮುಟ್ಟಿದ ಕೂಡಲೇ ತೀರ್ಪು ಕೊಟ್ಟ:

“ಗಾಡಿ ಮುಗೀತು. ಯುಗಾದಿತನಾ ಈ ಸಪ್ಪಳ ಏನಂತ ಸಿಕ್ಕರ ಛಲೋ. ಇಲ್ಲಂದ್ರ ಮುಧೋಳದ ಮಾಸ್ತರ್ರು ಕೇಳ್ಯಾರ, ಕೊಟ್ಟ ಬಿಡೂದು. ಅಪ್ಪಗೂ ಗಾಡಿ ಹೊಡದದ್ದು ಸಾಕು.”

“ಯಾ ಸಪ್ಪಳಪಾ? ನನಗೇನೂ ಕೇಳಸಲಿಲ್ಲ,” ಎಂದರು ಅಪ್ಪ. ಅರಿವೆ ಹಿಡಿದು ಅಂಗಳಕ್ಕಿಳಿದು, ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತ ನಿಂತರು.

ನಾನು ಕನ್ನಡ ಎಂ.ಎ. ಮುಗಿಸಿ ಸಂಶೋಧನೆಗೊಂದು ವಿಷಯ ಹುಡುಕುತ್ತಿದ್ದೆ. ವಿಷಯ ತಾನಾಗಿಯೇ ಬಂದು ಅಂಗಳದಲ್ಲಿ ನಿಂತಿತು.

೧. ಎರಡು ಪುಟದ ಸಪ್ಪಳ

ಜಮಖಂಡಿಯ ಗ್ಯಾರೇಜಿನ ಮಿಸ್ತ್ರಿ ಫೋನಿನಲ್ಲಿ ಹೇಳಿದ: “ಅಕ್ಕಾರ, ಸಪ್ಪಳ ಹೆಂಗ ಬರತೈತಿ, ಬರೋಬ್ಬರಿ ಹೇಳ್ರಿ. ಅರ್ಧಾ ರಿಪೇರಿ ಅಲ್ಲೇ ಆಕ್ಕತಿ.”

ಈ ಮಾತು ನನ್ನ ಮನಸ್ಸನ್ನು ಆಳವಾಗಿ ತಟ್ಟಿತು. ಲೋಕದ ಯಾವ ಸದ್ದಿಗೂ ಕನ್ನಡದಲ್ಲಿ ಒಂದು ಪದ ಇದ್ದೇ ಇದೆ, ಹುಡುಕುವ ಶ್ರದ್ಧೆ ಬೇಕು ಎಂಬುದು ನನ್ನ ನಂಬಿಕೆ. ಎರಡು ಸೋಮವಾರ ಅಪ್ಪ ಅವ್ವನ ಹಿಂದೆ, ತೊಡೆಯ ಮೇಲೆ ನೋಟ್‌ಬುಕ್ಕು ಇಟ್ಟುಕೊಂಡು ಕುಳಿತೆ. ಏಕಾಗ್ರತೆಗೆ ಭಂಗ ಬಾರದಿರಲೆಂದು ಕಣ್ಣು ಮುಚ್ಚಿಕೊಂಡೇ ಕುಳಿತೆ. ಆಮೇಲೆ ತಿದ್ದಿ ತೀಡಿ ಎರಡು ಪುಟ ಬರೆದು ಮಿಸ್ತ್ರಿಗೆ ಕಳಿಸಿದೆ:

‘ತಗ್ಗಿಗೆ ಇಳಿಯುವಾಗ ಬಾಗಿಲಿನ ಕಡೆಯಿಂದ ‘ಕಿರುಕ್’ ಎಂಬ ಸಂಕೋಚದ ದನಿ. ಏರು ಹತ್ತುವಾಗ ಬಾನೆಟ್ಟಿನೊಳಗೆ, ಮುನಿದ ಅತ್ತೆ ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಗೊಣಗಿಕೊಂಡಂತೆ ‘ಗುರುಗುರು’. ಉಬ್ಬಿನ ಮುಂದೆ ‘ದಡ್-ದಡ್’. ನಿಂತಾಗ ಮಾತ್ರ, ಅದರಲ್ಲಿಯೂ ಕಬ್ಬಿನ ಟ್ರ್ಯಾಕ್ಟರು ಹತ್ತಿರ ಬಂದಾಗ, ಭಯದಿಂದ ಚೀರಿದಂತೆ ‘ಕರ್ರ್’. ಈ ವಾಹನಕ್ಕೆ ಟ್ರ್ಯಾಕ್ಟರುಗಳ ಅಂಜಿಕೆ ಇರಬಹುದೇ ಎಂಬುದು ವಿಚಾರಾರ್ಹ.’

ಸಂಜೆ ಮಿಸ್ತ್ರಿಯ ಫೋನು ಬಂತು. “ಅಕ್ಕಾರ, ಭಾಳ ಛಲೋ ಬರದೀರಿ. ಗ್ಯಾರೇಜಿನಾಗ ಗಟ್ಟಿಯಾಗಿ ಓದಿಸಿದೆ. ಎಲ್ಲಾರೂ ಕೆಲಸಾ ಬಿಟ್ಟ ಕೇಳಿದ್ರು. ಅತ್ತಿ ಸುದ್ದಿ ಬಂದಾಗಂತೂ ಒಬ್ಬಾಂವ ಅತ್ತ ಬಿಟ್ಟ.”

“ಮತ್ತ ಕಾರಿಗೆ ಏನಾಗೇತಿ?” ಎಂದೆ.

“ಅದು ತಿಳೀಲಿಲ್ರಿ. ಗಾಡಿ ತಗೊಂಡ ಬರ್ರಿ.”

೨. ಎರಡನೆಯ ಬ್ರೇಕು

ಮಿಸ್ತ್ರಿ ಒಬ್ಬನೇ ಕಾರನ್ನು ಊರೆಲ್ಲ ಓಡಿಸಿ ನೋಡಿದ. ಹೆಣ್ಣು ನೋಡಲು ಬಂದ ವರನಂತೆ ಅದು ಬಾಯಿ ಬಿಡಲಿಲ್ಲ. ಮುಂದಿನ ಸೋಮವಾರ ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಅಪ್ಪನನ್ನೂ ನನ್ನನ್ನೂ ಹಿಂದೆ ಹಾಕಿಕೊಂಡು ಮತ್ತೆ ಹೊರಟ. ಮೊದಲ ಉಬ್ಬಿನ ಮುಂದೆಯೇ ‘ದಡ್-ದಡ್’. ಎರಡನೆಯ ಉಬ್ಬಿಗೂ ‘ದಡ್-ದಡ್’.

ಮಿಸ್ತ್ರಿ ಗಾಡಿಯನ್ನು ಬದಿಗೆ ನಿಲ್ಲಿಸಿ, ನನ್ನನ್ನು ಕೆಳಗೆ ಕರೆದು ಮೆಲ್ಲಗೆ ಹೇಳಿದ: “ಅಕ್ಕಾರ, ತಪ್ಪ ತಿಳಕೋಬ್ಯಾಡ್ರಿ. ಈ ಸಪ್ಪಳ ಅವ್ವಾರ ಕೂಡ ಹತ್ತತೈತಿ, ಅವ್ವಾರ ಕೂಡ ಇಳೀತೈತಿ.”

ಅವ್ವನಿಗೆ ಅದು ಕೇಳಿಸಿಯೇ ಬಿಟ್ಟಿತು. ಅವಳ ಮುಖ ನೋಡಿ ಮಿಸ್ತ್ರಿ ಮಾತು ಬಿಟ್ಟು ಕೆಲಸಕ್ಕಿಳಿದ. ಅವಳ ಕಾಲ ಕೆಳಗಿನ ಮ್ಯಾಟು ಎತ್ತಿ ನೋಡಿದರೆ, ತಳದ ತಗಡು ಸಡಿಲಾಗಿ ತಗ್ಗು ಬಿದ್ದಿತ್ತು. ಅವ್ವ ರಬಕವಿಯ ಕೈಮಗ್ಗದ ಮನೆಯ ಮಗಳು. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು, ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದು ಒತ್ತುತ್ತ ಬೆಳೆದವಳು. ರಸ್ತೆಯಲ್ಲಿ ಉಬ್ಬು ಕಂಡರೆ ಸಾಕು, ಆ ಕಾಲುಗಳು ತಾವಾಗಿಯೇ ಒತ್ತುತ್ತಿದ್ದವು.

“ಅವ್ವಾರ, ನಿಮ್ಮ ಕಡೆ ಬ್ರೇಕ್ ಇರೂದಿಲ್ರಿ,” ಎಂದ ಮಿಸ್ತ್ರಿ.

“ಗೊತ್ತೈತಪಾ. ಬ್ರೇಕ್ ಇವರ ಕಡೆ ಐತಿ, ಇವರು ಒತ್ತೂದಿಲ್ಲ. ಯಾರರೆ ಒಬ್ಬರು ಒತ್ತಬೇಕಲ್ಲ?”

೩. ಕೈಮೀರಿದ ರೋಗ

ತಗಡು ಬಿಗಿಯಾಯಿತು, ‘ಕರ್ರ್’ ಉಳಿಯಿತು. ಆಗ ಸಾವಳಗಿಯಿಂದ ನನ್ನ ಸೋದರಮಾವ ಬಂದ. ಮೂರು ಟ್ರ್ಯಾಕ್ಟರುಗಳನ್ನು ಸಾಕಿದ ಮನುಷ್ಯ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಕೆಯನ್ನು ಕಿವಿಗೆ ಹಚ್ಚಿ, ನಾಡಿ ಹಿಡಿದ ವೈದ್ಯನಂತೆ ಕಣ್ಣು ಮುಚ್ಚಿ ನಿಂತ. ಓಣಿಯ ಹಿರಿಯರೆಲ್ಲ ಸುತ್ತ ನೆರೆದರು.

“ಹಾಂ… ಖಟಾಖಟ್, ಖಟಾಖಟ್. ಬೇರಿಂಗ್ ಹೋಗೈತಿ. ಭಾವಾ, ಬಂದ ಮಾಡ್ರಿ.”

ಅಪ್ಪ ಇಂಜಿನ್ ಬಂದ್ ಮಾಡಿದರು. ಮಾವ ಮತ್ತೆ ಕಿವಿ ಹಚ್ಚಿದ. ಅವನ ಕಣ್ಣು ಅಗಲವಾದವು.

“ಭಾವಾ, ರೋಗ ಭಾಳ ಮುಂದ ಹೋಗೈತಿ. ಬಂದ ಮಾಡಿದ್ರೂ ಬಂದ ಆಗವಲ್ದು!”

ನೆರೆದವರೆಲ್ಲ ಗಂಭೀರರಾದರು. ಒಬ್ಬರು ಲೊಚಗುಟ್ಟಿದರು. ಗೋಡೆಯ ಆಚೆ ನೆರೆಮನೆಯವರ ಪವರ್‌ಲೂಮುಗಳು ನಡೆದಿವೆ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ಬನಹಟ್ಟಿಯಲ್ಲಿ ಮಗ್ಗದ ಸಪ್ಪಳವನ್ನು ಯಾರೂ ಸಪ್ಪಳವೆಂದು ಎಣಿಸುವುದಿಲ್ಲ. ಅದು ಗಾಳಿಯ ಹಾಗೆ, ಇರುವವರೆಗೆ ಅರಿವಿಗೆ ಬಾರದು. ಅಷ್ಟರಲ್ಲಿ ಕರೆಂಟು ಹೋಯಿತು. ಖಟಾಖಟ್ ನಿಂತಿತು.

ಮಾವ ಸ್ಕ್ರೂಡ್ರೈವರನ್ನು ಧೋತರದ ಚುಂಗಿನಿಂದ ಒರೆಸುತ್ತ ಹೇಳಿದ: “ಆತು ನೋಡ್ರಿ. ನನ್ನ ಕೈ ಮುಟ್ಟಿದ ಮ್ಯಾಲೆ ಹಿಂಗ.”

೪. ಕೇಳಬೇಕಾದವರನ್ನು ಕೇಳಲಿಲ್ಲ

ಯುಗಾದಿ ಹತ್ತಿರ ಬಂತು. ಮುಧೋಳದ ಮಾಸ್ತರರು ಗಾಡಿ ನೋಡಲು ಬರುವ ದಿನವನ್ನೂ ಅಣ್ಣ ಗೊತ್ತು ಮಾಡಿದ. ಅಂದು ಸಂಜೆ ಅಪ್ಪ ಕಾರು ಒರೆಸುತ್ತ, ನನ್ನತ್ತ ನೋಡದೆ ಕೇಳಿದರು: “ತಂಗಿ, ಆ ಮಾಸ್ತರ್ರು ಗಾಡಿ ಮೆಲ್ಲಕ ಹೊಡೀತಾರೇನ?” ನಾನು ಇನ್ನೊಂದು ಅರಿವೆ ತಂದು ಅವರ ಜೊತೆ ಗಾಜು ಒರೆಸತೊಡಗಿದೆ.

ಉಳಿದದ್ದು ಎರಡೇ ಸೋಮವಾರ. ಅವುಗಳಲ್ಲಿ ಮೊದಲನೆಯದರಂದು ಮಿಸ್ತ್ರಿಗೆ ಬುದ್ಧಿ ಹೊಳೆಯಿತು, ಚಾವಿಯನ್ನು ಅಪ್ಪನ ಕೈಗಿಟ್ಟ. “ಇಷ್ಟ ದಿನಾ ನಾ ಹೊಡದೇನಿ, ಕರ್ರ್ ಬಂದಿಲ್ಲ. ಇವತ್ತ ಕಾಕಾ ಹೊಡೀಲಿ. ನಾ ಹಿಂದ ಕುಂದರತೇನಿ. ಅಕ್ಕಾರ, ನೀವು ಕಣ್ಣ ತಗೀರಿ.”

ಬಸ್ ಸ್ಟ್ಯಾಂಡಿನ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಗಡಗಡಿಸುತ್ತ ಅಡ್ಡ ಬಂದವು. ನಮ್ಮ ಕಾರು ನಿಂತಿತು. ಇಂಜಿನ್ ಮೆಲ್ಲಗೆ ಉಸಿರಾಡುತ್ತಿತ್ತು. ಅಪ್ಪನ ಕೈ ಸ್ಟೇರಿಂಗ್ ಬಿಟ್ಟು ಚಾವಿಯ ಮೇಲೆ ಹೋಯಿತು. ನಡೆಯುತ್ತಿದ್ದ ಇಂಜಿನ್ನಿಗೆ ಅವರು ಮತ್ತೊಮ್ಮೆ ಚಾವಿ ತಿರುವಿದರು.

‘ಕರ್ರ್!’

ಮಿಸ್ತ್ರಿ ಚಹದ ನೆಪ ಹೇಳಿ ಗಾಡಿಯನ್ನು ಬದಿಗೆ ಹಾಕಿಸಿ ಇಳಿದ. ನಾನೂ ಅವ್ವನೂ ಇಳಿದೆವು. ಅಪ್ಪ ಕಾರಿನಲ್ಲೇ ಕುಳಿತರು.

“ಗಾಡಿಗೆ ಏನೂ ಆಗಿಲ್ರಿ,” ಎಂದ ಮಿಸ್ತ್ರಿ. “ಇಂಜಿನ್ ಚಾಲೂ ಇದ್ದದ್ದು ಕಾಕಾಗ ಕೇಳಸವಲ್ದು. ಬಂದ ಬಿತ್ತಂತ ತಿಳದ ಮತ್ತ ಚಾವಿ ತಿರುವತಾರ. ಅದು ಚೀರತೈತಿ.”

ನನ್ನ ತಿಂಗಳುಗಟ್ಟಲೆಯ ಸಂಶೋಧನೆ ಒಂದು ಕ್ಷಣದಲ್ಲಿ ಮಣ್ಣುಪಾಲಾಯಿತು. ಅವ್ವ ಬಸಿಯಲ್ಲಿ ಚಹ ಆರಿಸುತ್ತ ಸಮಾಧಾನವಾಗಿ ಹೇಳಿದಳು: “ನನಗ ಮೊದಲ ಗೊತ್ತಿತ್ತು.”

“ಅವ್ವಾ! ಮತ್ತ ಹೇಳಬಾರದೇನ?”

“ನನ್ನ ಯಾರ ಕೇಳೀರಿ? ಎಲ್ಲಾರೂ ಗಾಡೀನ ಕೇಳಾಕತ್ತಿದ್ರಿ.” ಆಮೇಲೆ ದನಿ ಇಳಿಸಿ ಹೇಳಿದಳು: “ಹೇಳಿದ್ರ ನಿಮ್ಮಣ್ಣ ಚಾವಿ ಕಸಗೋತಿದ್ದ.”

ಬಸಿ ಇಟ್ಟು ಹೋಗಿ ತನ್ನ ಸೀಟಿನಲ್ಲಿ ಕುಳಿತಳು. ಮುಂದೆ ರಸ್ತೆಗಳು ಕೂಡುವ ಕೂಟಿನಲ್ಲಿ ಕಾರು ನಿಂತಿತು, ಅಪ್ಪನ ಕೈ ಚಾವಿಯತ್ತ ಸರಿಯಿತು. ಅವ್ವ ಅಂಗೈ ಬಿಚ್ಚಿ ಎತ್ತಿ ಹಿಡಿದಳು. ಅಪ್ಪನ ಕೈ ಅಲ್ಲಿಯೇ ನಿಂತಿತು.

ಮಗ್ಗದ ಶೆಡ್ಡಿನಲ್ಲಿ ಕೂಗಿದರೂ ಮಾತು ಕೇಳುವುದಿಲ್ಲ. ಅಲ್ಲಿ ಬಿಚ್ಚಿದ ಅಂಗೈ ಎಂದರೆ ‘ಚಾಲೂ ಐತಿ’. ಮುಚ್ಚಿದ ಮುಷ್ಟಿ ಎಂದರೆ ‘ಎಳಿ ಹರೀತು, ಬಂದ ಮಾಡು’. ಈ ಎರಡೇ ಸನ್ನೆಗಳಲ್ಲಿ ಇವರಿಬ್ಬರು ಒಂದು ಸಂಸಾರವನ್ನು ದಡ ಮುಟ್ಟಿಸಿದವರು. ಮಗ್ಗಗಳನ್ನು ಮಾರಿದಂದಿನಿಂದ ಆ ಕೈಗಳೂ ಮೌನವಾಗಿದ್ದವು. ಅಪ್ಪ ಆ ಅಂಗೈಯನ್ನು ಬಹಳ ಹೊತ್ತು ನೋಡಿದರು, ನಕ್ಕರು. ಹಿಂದಿನ ಬಸ್ಸಿನವನು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದ. ಪುಣ್ಯಕ್ಕೆ ಅದೂ ಅವರಿಗೆ ಕೇಳಿಸಲಿಲ್ಲ.

ಮುಂದೆ ಗಾಡಿ ಹೊಡೆಯಬೇಕಾದರೆ ಕಿವಿ ತೋರಿಸಿಕೊಳ್ಳಬೇಕೆಂದು ಅವ್ವ ಹಟ ಹಿಡಿದಳು. ಆ ವಾರವೇ ಅಪ್ಪನ ಕಿವಿಗೆ ಸಣ್ಣದೊಂದು ಯಂತ್ರ ಬಂತು. ಕೊನೆಯ ಸೋಮವಾರ ಅಣ್ಣ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡದೆ ಕುಳಿತು ಪರೀಕ್ಷಿಸಿದ. ‘ಕರ್ರ್’ ಇಲ್ಲ. ಏನಾಗಿತ್ತೆಂದು ಮಿಸ್ತ್ರಿಯನ್ನು ಕೇಳಿದ.

“ಸಣ್ಣ ಅಡ್ಜಸ್ಟಮೆಂಟ್ ಇತ್ರಿ,” ಎಂದ ಮಿಸ್ತ್ರಿ. “ಅವ್ವಾರ ಮಾಡ್ಯಾರ.”

ಮುಧೋಳದ ಮಾಸ್ತರರಿಗೆ ಬರಬೇಡಿರೆಂದು ಫೋನು ಹೋಯಿತು. ಸತ್ಯವನ್ನೇ ನುಡಿಯಬೇಕೆಂಬ ವ್ರತ ತೊಟ್ಟ ನಾನು ಅಂದು ಮಾತ್ರ ಸುಮ್ಮನಿದ್ದೆ. ಕಿವಿಯ ಯಂತ್ರಕ್ಕೂ ಆ ‘ಕರ್ರ್’ಗೂ ಇದ್ದ ನಂಟು ಅಣ್ಣನಿಗೆ ತಿಳಿಯುವುದು ಇದನ್ನು ಓದಿದಾಗಲೇ.

ಈಗ ಅಪ್ಪನಿಗೆ ಇಂಜಿನ್ ಚೆನ್ನಾಗಿ ಕೇಳುತ್ತದೆ. ಆದರೂ ಗಾಡಿ ನಿಂತಲ್ಲೆಲ್ಲ ಅವ್ವ ಅಂಗೈ ಎತ್ತುತ್ತಾಳೆ. ಅಪ್ಪ ಅದಕ್ಕಾಗಿ ಕಾಯುತ್ತಾರೆ. ಬಸ್ ಸ್ಟ್ಯಾಂಡಿನ ಮುಂದಿನ ಆಟೋದವರು ಅದನ್ನು ತಮಗೆ ಮಾಡಿದ ನಮಸ್ಕಾರವೆಂದು ತಿಳಿದು ತಾವೂ ಕೈ ಎತ್ತತೊಡಗಿದ್ದಾರೆ. ಹೋದ ಸೋಮವಾರ ಒಬ್ಬಾತ ಕಿಟಕಿಯೊಳಗೆ ತಲೆ ಹಾಕಿಯೇ ಬಿಟ್ಟ.

“ಅಕ್ಕಾರ, ವಾರಾ ವಾರಾ ಕೈ ಮಾಡ್ತೀರಿ. ಖರೆ ಹೇಳ್ರಿ, ಈ ಸಲ ಯಾ ವಾರ್ಡಿಗೆ ನಿಂತೀರಿ?”

ಯಂತ್ರದ ಕೃಪೆ, ಮೊದಲು ಕೇಳಿಸಿದ್ದು ಅಪ್ಪನಿಗೇ. “ನಮ್ಮ ಮನೀ ವಾರ್ಡಿಗಪಾ. ಲಗ್ನ ಆದಾಗಿಂದ ಅವಿರೋಧ ಆಯ್ಕಿ!”

ಅವ್ವ ಎತ್ತಿದ ಅಂಗೈಯನ್ನು ಮೆಲ್ಲಗೆ ಮಡಚಿ ಮುಷ್ಟಿ ಮಾಡಿದಳು. ಅಪ್ಪ ಕೂಡಲೇ ಬಾಯಿ ಬಂದ್ ಮಾಡಿದರು. ಗಾಡಿ ಮಾತ್ರ ಚಾಲೂ ಇತ್ತು.