ಗುಂಡುಕಲ್ಲಿನ ಸುತ್ತ ಒಂದು ಸೈಕಲ್ ದಾರಿ

ಕೆಲವರಿಗೆ ದೆವ್ವದ ಭಯ, ಕೆಲವರಿಗೆ ಹಲ್ಲಿಯ ಭಯ. ನನಗೆ ಮೊದಲಿನಿಂದಲೂ ಇರುವುದು ಜವಾಬ್ದಾರಿಯ ಭಯ. ಮನೆಗೆ ಬಂದ ನೆಂಟರು ಬಚ್ಚಲಿಗೆ ಹೊರಟರೆ ‘ಜಾರುತ್ತೆ, ಹುಷಾರು’ ಎನ್ನುತ್ತ ಬಾಗಿಲವರೆಗೂ ಹಿಂದೆ ಹೋಗುವವನು ನಾನು. ಊಟಕ್ಕೆ ಬಂದವರಿಗೆ ಮಾರನೆಯ ದಿನ ಫೋನು ಮಾಡಿ, ಹೊಟ್ಟೆಗೆ ಏನೂ ತೊಂದರೆಯಾಗಲಿಲ್ಲವಷ್ಟೆ ಎಂದು ವಿಚಾರಿಸುತ್ತೇನೆ. ಹಾಗಾಗಿ ಅವರು ಇನ್ನೊಮ್ಮೆ ಊಟಕ್ಕೆ ಬರುವುದಿಲ್ಲ, ಅದು ಬೇರೆ ಮಾತು. ಇಂಥ ಪುಕ್ಕಲನಿಗೆ ದೇವರು ಬಸವನಗುಡಿಯಂಥ ಜಾಗದಲ್ಲಿ ಮನೆಯ ಹಿಂದೆಯೇ ಒಂದು ಖಾಲಿ ಸೈಟನ್ನೂ ಕೊಟ್ಟುಬಿಟ್ಟ. ಜೋಡಿ ಸೈಟು ಕೊಂಡು, ಒಂದರಲ್ಲಿ ಮನೆ ಕಟ್ಟುವಷ್ಟರಲ್ಲಿ ಸುಸ್ತಾದ ನಮ್ಮಪ್ಪ ಇನ್ನೊಂದನ್ನು ಹಾಗೇ ಬಿಟ್ಟಿದ್ದರು. ಮೂಲೆಯಲ್ಲೊಂದು ಹೊಂಗೆ ಮರ, ಉಳಿದೆಡೆಯೆಲ್ಲ ಪಾರ್ಥೇನಿಯಂ. ಅದು ತನ್ನ ಪಾಡಿಗೆ ಬೆಳೆಯುತ್ತಿತ್ತು, ನಾನು ನನ್ನ ಪಾಡಿಗೆ ಸೀನುತ್ತಿದ್ದೆ.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಹುಡುಗರಿಗೆಲ್ಲ ಗೇರ್ ಸೈಕಲ್ಲಿನ ಹುಚ್ಚು ಹಿಡಿದಿದ್ದ ಕಾಲ. ಒಂದು ಮದುವೆಗೆಂದು ನಾವು ಊರು ಬಿಟ್ಟು ವಾಪಸು ಬಂದಾಗ ಸೈಟಿನಲ್ಲಿ ಒಂದೆಳೆ ಪಾರ್ಥೇನಿಯಂ ಇರಲಿಲ್ಲ. ಅದರ ಬದಲು ಮಣ್ಣಿನ ದಿಬ್ಬಗಳು, ಇಳಿಜಾರುಗಳು, ಹೊಂಗೆ ಮರವನ್ನು ಬಳಸಿ ಬರುವ ಒಂದು ಸೊಗಸಾದ ತಿರುವು. ನಮ್ಮ ಬೀದಿಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಅವರ ಮುಖಂಡ ಕಿರಣ್ ಎನ್ನುವವನ ಉಸ್ತುವಾರಿಯಲ್ಲಿ, ನನ್ನ ಸೈಟಿನಲ್ಲಿ ಸೈಕಲ್ ಹಾರಿಸುವ ದಾರಿ ಕಟ್ಟಿದ್ದರು. ‘ನೋಡಿ ಅಂಕಲ್, ಫ್ರೀಯಾಗಿ ಕ್ಲೀನ್ ಮಾಡ್ಕೊಟ್ಟಿದೀವಿ’ ಎಂದ ಕಿರಣ್. ಸೀನು ನಿಂತಿದ್ದರಿಂದ ನಾನು ಥ್ಯಾಂಕ್ಸ್ ಕೂಡ ಹೇಳಿಬಿಟ್ಟೆ.

ಆ ಥ್ಯಾಂಕ್ಸೇ ನನಗೆ ಮುಳುವಾಯಿತು. ಎದುರು ಮನೆಯ ಶ್ರೀಕಂಠಯ್ಯನವರು ನಿವೃತ್ತ ವಕೀಲರು. ಕೋರ್ಟು ಅವರನ್ನು ಬಿಟ್ಟರೂ ಅವರು ಕೋರ್ಟನ್ನು ಬಿಟ್ಟಿರಲಿಲ್ಲ. ಕಾಂಪೌಂಡಿನ ಮೇಲೆ ಮೊಣಕೈಯೂರಿ, ತಣ್ಣನೆಯ ದನಿಯಲ್ಲಿ, ‘ಯಾರಾದ್ರೂ ಬಿದ್ದು ಬೆನ್ನುಮೂಳೆ ಮುರ್ಕೊಂಡ್ರೆ ಯಾರು ಹೊಣೆ ಸ್ವಾಮಿ?’ ಎಂದರು. ‘ಅವರೇ ಕಟ್ಟಿದ್ದು, ಅವರೇ ಬೀಳ್ತಾರೆ’ ಎಂದೆ. ‘ಜಾಗ ಯಾರದು? ಗೊತ್ತಿಲ್ಲದೆ ನುಗ್ಗಿದವನು ಬೇರೆ. ಗೊತ್ತಿದ್ದೂ ನೀವು ಸುಮ್ಮನಿದ್ರೆ ಅವನು ನಿಮ್ಮ ಅತಿಥಿ. ಅತಿಥಿ ಬಿದ್ರೆ ನೀವು ಕಟಕಟೆ ಹತ್ತಬೇಕು. ಅದರಲ್ಲೂ ನೀವು ಥ್ಯಾಂಕ್ಸ್ ಹೇಳಿದೀರಿ.’ ಅವರ ಕನ್ನಡಕದಲ್ಲಿ ನನ್ನ ಮುಖ ಎರಡೆರಡಾಗಿ ಕಾಣುತ್ತಿತ್ತು. ಎರಡೂ ಬಿಳಿಚಿಕೊಂಡಿದ್ದವು.

ಮಾರನೆಯ ದಿನವೇ ‘ಇಲ್ಲಿ ಬಿದ್ದರೆ ಮಾಲೀಕರು ಜವಾಬ್ದಾರರಲ್ಲ’ ಎಂದು ಬೋರ್ಡು ಬರೆಸಿ ನಿಲ್ಲಿಸಿದೆ. ಶ್ರೀಕಂಠಯ್ಯನವರು ಓದಿ ನಕ್ಕರು. ‘ಇಲ್ಲಿ ಬೀಳ್ತಾರೆ ಅಂತ ನಿಮಗೆ ಮುಂಚೇನೇ ಗೊತ್ತಿತ್ತು ಅಂತ ನೀವೇ ಬರ್ಕೊಟ್ಟ ಹಾಗಾಯ್ತಲ್ಲ ಸ್ವಾಮಿ!’ ಬೋರ್ಡು ಕಿತ್ತೆ. ‘ಈಗ ಎಚ್ಚರಿಕೆ ತೆಗೆದುಹಾಕಿದ್ರು ಅಂತಾಗತ್ತೆ’ ಎಂದರು. ಆ ದಿನದಿಂದ ನನಗೆ ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಮುಖವಿಲ್ಲದ ಯಾರೋ ಒಬ್ಬ ಹೊಂಗೆ ಮರದ ತಿರುವಿನಲ್ಲಿ ಬಿದ್ದುಕೊಂಡು, ತಲೆಯನ್ನು ಮಾತ್ರ ನನ್ನ ಕಡೆಗೆ ತಿರುಗಿಸುತ್ತಿದ್ದ. ಹುಡುಗರನ್ನು ಗದರಿಸಿ ಓಡಿಸಲು ನನಗೆ ಬಾಯಿ ಸಾಲದು. ಬೈದದ್ದಕ್ಕೆ ಬೇಜಾರಾಗಿ ಏನಾದರೂ ಮಾಡಿಕೊಂಡರೆ ಅದಕ್ಕೆ ಯಾರು ಹೊಣೆ?

ಕೊನೆಗೆ ಹೊಳೆದದ್ದು ನಮ್ಮೂರಿನ ಹಳೆಯ ಉಪಾಯ. ಗೋಡೆಯ ಮೇಲೆ ಯಾರೂ ಗಲೀಜು ಮಾಡದಿರಲೆಂದು ದೇವರ ಪಟದ ಟೈಲ್ಸ್ ಅಂಟಿಸುತ್ತಾರಲ್ಲ, ಅದೇ. ಗ್ರೈಂಡರು ಬಂದ ಮೇಲೆ ಒರಳುಕಲ್ಲಿನ ಗುಂಡು ಹಿತ್ತಲಲ್ಲಿ ಅನಾಥವಾಗಿ ಬಿದ್ದಿತ್ತು. ಒಂದು ಮಧ್ಯಾಹ್ನ ಅದನ್ನು ಉರುಳಿಸಿಕೊಂಡು ಹೋಗಿ, ಸೈಕಲ್ ದಾರಿಯ ನಟ್ಟನಡುವೆ ನೆಟ್ಟಗೆ ನಿಲ್ಲಿಸಿ, ಅರಿಶಿನ ಬಳಿದು ಕುಂಕುಮ ಇಟ್ಟೆ. ಸಂಜೆ ಹುಡುಗರು ಬಂದರು. ಕಲ್ಲು ನೋಡಿದರು. ಕಿರಣ್ ಚಪ್ಪಲಿ ಬಿಚ್ಚಿ ಕೈಮುಗಿದ. ಎಲ್ಲರೂ ಸೈಕಲ್ಲುಗಳನ್ನು ತಳ್ಳಿಕೊಂಡು ಹೊರಟುಹೋದರು. ಮತ್ತೆ ಆ ಕಡೆ ಸುಳಿಯಲಿಲ್ಲ. ಬೀದಿ ಕಡೆಯ ಗೇಟಿಗೆ ನಾನು ಬೀಗ ಜಡಿದೆ. ಎಷ್ಟೋ ದಿನದ ಮೇಲೆ ಎರಡು ಸಲ ಅನ್ನ ಬಡಿಸಿಕೊಂಡು ಉಂಡೆ.

ಆದರೆ ಸೈಟು ಸುಮ್ಮನಾಗಲಿಲ್ಲ. ಮಳೆ ಬಂದು ಹೋದ ಮೇಲೆ ಸುತ್ತಲೂ ಹುಲ್ಲು ಎದ್ದಿತು, ಪಾರ್ಥೇನಿಯಂ ಕೂಡ ಮರಳಿ ಬಂತು. ಆ ದಾರಿಯ ಮೇಲೆ ಮಾತ್ರ ಒಂದು ಗರಿಕೆಯೂ ಹುಟ್ಟಲಿಲ್ಲ. ಧನುರ್ಮಾಸ ಬಂತು. ಬೆಳಿಗ್ಗೆ ಮಂಜು ಕವಿದು ಹಿತ್ತಲ ಗೋಡೆಯಾಚೆ ಏನೂ ಕಾಣುತ್ತಿರಲಿಲ್ಲ. ನನ್ನ ಹೆಂಡತಿ ಶಾರದೆ ಸೂರ್ಯ ಹುಟ್ಟುವ ಮೊದಲೇ ಸ್ನಾನ ಮಾಡಿ ದೇವಸ್ಥಾನಕ್ಕೆ ಹೋಗಿ ಹುಗ್ಗಿ ಪ್ರಸಾದ ತರುತ್ತಿದ್ದಳು. ಒಂದು ದಿನ ಗಡ್ಡ ಹೆರೆದುಕೊಳ್ಳುತ್ತಿರುವಾಗ ಸೈಟಿನ ಕಡೆಯಿಂದ ಸೈಕಲ್ ಬೆಲ್ಲು ಕೇಳಿಸಿತು. ಕ್ರಿಣ್, ಕ್ರಿಣ್. ರೇಜರು ಅಲ್ಲೇ ನಿಂತಿತು. ಬಿಸಿಲೇರಿದ ಮೇಲೆ ಹೋಗಿ ನೋಡಿದರೆ ಗೇಟಿನ ಬೀಗ ಹಾಕಿದ ಹಾಗೇ ಇತ್ತು. ಇಬ್ಬನಿಯಲ್ಲಿ ನೆಂದ ಮಣ್ಣಿನ ಮೇಲೆ ಹೊಸ ಗಾಲಿಯ ಗೆರೆ ಗುಂಡುಕಲ್ಲನ್ನು ಸುತ್ತು ಹಾಕಿತ್ತು. ಕಲ್ಲಿನ ನೆತ್ತಿಯ ಮೇಲೆ ಬಾಡದ ಕನಕಾಂಬರ.

ಗೆರೆ ದಿನವೂ ಬೀಳತೊಡಗಿತು, ಬೆಲ್ಲು ದಿನವೂ ಕೇಳತೊಡಗಿತು. ಶ್ರೀಕಂಠಯ್ಯನವರ ಹತ್ತಿರ ಹೋಗಿ, ‘ಅಲ್ಲ ಸಾರ್, ಕಣ್ಣಿಗೆ ಕಾಣದವರು ಬಂದು ಬಿದ್ರೂ ಮಾಲೀಕನೇ ಹೊಣೇನಾ?’ ಎಂದು ಕೇಳಿದೆ. ‘ಕಾನೂನಿನಲ್ಲಿ ಕಾಣಬೇಕು ಅಂತೇನೂ ಇಲ್ಲ’ ಎಂದರು. ಅಯ್ಯೋ ದೇವರೇ, ನಕ್ಕಾದರೂ ನಕ್ಕಿದ್ದರೆ ನನಗೆ ಸ್ವಲ್ಪ ಧೈರ್ಯ ಬರುತ್ತಿತ್ತು.

ಮರುದಿನ ಬೆಲ್ಲು ಕೇಳುತ್ತಲೇ ಮುಖದ ಸೋಪನ್ನೂ ತೊಳೆಯದೆ ಹಿತ್ತಲಿಗೆ ನಡೆದೆ. ಸೈಟಿಗೆ ತೆರೆಯುವ ನಮ್ಮ ಹಿತ್ತಲ ಬಾಗಿಲು ಅರೆತೆರೆದಿತ್ತು. ಆಚೆ ಹಾಲಿನಂಥ ಮಂಜು. ಅದರೊಳಗೆ ಬಿಳಿಯದೊಂದು ಆಕಾರ, ನೆಲ ಮುಟ್ಟದೆ, ಕಾಲು ಆಡಿಸದೆ, ಕಲ್ಲಿನ ಸುತ್ತ ತೇಲಿಕೊಂಡು ಬರುತ್ತಿತ್ತು. ಅದು ಹೊಂಗೆ ಮರದ ತಿರುವಿಗೆ ಬಂದು ನನ್ನ ಕಡೆ ತಲೆ ತಿರುಗಿಸಿತು. ‘ಯಾ... ಯಾರದು!’ ಎಂದು ಕಿರುಚಿದೆ.

ಧಡ್ ಎಂದು ಬಿದ್ದದ್ದು ನನ್ನ ಹೆಂಡತಿ.

ನಮ್ಮ ಮಗಳು ಓಡಿಸುವುದನ್ನು ಬಿಟ್ಟಿದ್ದ ಹಳೆಯ ಲೇಡೀಸ್ ಸೈಕಲ್ಲಿನ ಕೆಳಗೆ, ಮಡಿ ಸೀರೆಯ ಮೇಲೆ ನನ್ನ ಬಿಳಿ ಶಾಲು ಹೊದ್ದು ಕುಳಿತಿದ್ದಳು. ಮೊಣಕಾಲಿನಿಂದ ರಕ್ತ ಸುರಿಯುತ್ತಿತ್ತು. ‘ಇಳಿಜಾರಲ್ಲಿ ಸಲೀಸಾಗಿ ಬರ್ತಿದ್ದೆ. ಹಾಗ್ಯಾಕ್ರೀ ಕೂಗ್ತೀರಿ?’ ಎಂದು ನನ್ನನ್ನೇ ಗದರಿದಳು. ‘ಈ ವಯಸ್ಸಲ್ಲಿ ಇದೆಲ್ಲ ಏನೇ?’ ಎಂದೆ. ‘ಚಿಕ್ಕವಳಿದ್ದಾಗ ಅಣ್ಣನಿಗೆ ಮಾತ್ರ ಸೈಕಲ್ ಕೊಡಿಸಿದ್ರು. ನಿಮಗೆ ಹೇಳಿದ್ರೆ ಬೀಳ್ತೀಯ, ಬೀಳ್ತೀಯ ಅಂತ ಹಿಂದೆ ಹಿಂದೆ ಓಡಿ ಬರ್ತಿದ್ರಿ. ಅದಕ್ಕೇ ದೇವಸ್ಥಾನಕ್ಕೆ ಹೋಗೋ ಮುಂಚೆ ನಾಲ್ಕು ಸುತ್ತು ಕಲೀತಿದ್ದೆ.’

‘ಹಾಗಾದ್ರೆ ಹೂ ಇಡ್ತಿದ್ದವಳೂ ನೀನೇನಾ?’

‘ಮತ್ತೆ? ದೇವರ ಸುತ್ತ ಬರೋವಾಗ ಬರಿಗೈಲಿ ಬರಕ್ಕಾಗತ್ತಾ?’

‘ದೇವರಲ್ಲ ಕಣೇ, ಅದು ನಮ್ಮನೆ ಒರಳಿನ ಗುಂಡು!’

‘ಗೊತ್ತು ಕಣ್ರೀ. ಎಷ್ಟೋ ವರ್ಷ ಅದರಲ್ಲಿ ರುಬ್ಬಿದವಳಿಗೆ ಗುರುತು ಸಿಗಲ್ವಾ? ಕುಂಕುಮ ಇಟ್ಟವರು ನೀವು. ಇಟ್ಟ ಮೇಲೆ ನೋಡ್ಕೊಳ್ಳೋದು ಬೇಡ್ವಾ?’

ನನಗೆ ನಗು ಬಂತು, ಅಳುವೂ ಬಂತು. ಅವಳನ್ನು ಎಬ್ಬಿಸಿ ನಿಲ್ಲಿಸಿದೆ. ‘ಆಗಲಿ ಮಾರಾಯ್ತಿ, ಆ ಬೆಲ್ಲನ್ನಾದರೂ ಹೊಡೀಬೇಡ. ನನ್ನ ಜೀವ ಹೋಗತ್ತೆ’ ಎಂದೆ. ಶಾರದೆ ನನ್ನನ್ನೇ ನೋಡಿದಳು. ‘ಯಾವ ಬೆಲ್ಲು? ಈ ಸೈಕಲ್ಲಿಗೆ ಬೆಲ್ಲೆಲ್ಲಿದೆ?’

ನೋಡಿದೆ. ಹ್ಯಾಂಡಲ್ಲಿನ ಮೇಲೆ ಬೆಲ್ಲು ಇದ್ದ ಜಾಗದಲ್ಲಿ ತುಕ್ಕು ಹಿಡಿದ ಒಂದು ಪಟ್ಟಿ ಮಾತ್ರ ಇತ್ತು.

ಶಾರದೆ ದನಿ ತಗ್ಗಿಸಿದಳು. ‘ಹಿತ್ತಲಲ್ಲಿ ನಿಂತು ನೀವೇ ತಮಾಷೆ ಮಾಡ್ತಿದೀರ ಅಂದ್ಕೊಂಡಿದ್ದೆ ಕಣ್ರೀ. ದಿನಾ ಹಿಂದಿನಿಂದ ದಾರಿ ಕೇಳೋ ಹಾಗೆ ಬೆಲ್ ಆಗೋದು. ನಾನು ಪಕ್ಕಕ್ಕೆ ಸರ್ಕೊಂಡು ಸೈಡ್ ಕೊಡ್ತಿದ್ದೆ.’

ಅಷ್ಟರಲ್ಲಿ ಹೊಂಗೆ ಮರದ ಆಚೆ, ಮಂಜಿನೊಳಗೆ, ಕ್ರಿಣ್, ಕ್ರಿಣ್. ಶಾರದೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಒಣ ಎಲೆಗಳ ಮೇಲೆ ಏನೋ ಸರಸರ ಹರಿದು ಹತ್ತಿರ ಬಂತು. ಕಣ್ಣಿಗೆ ಏನೂ ಕಾಣಲಿಲ್ಲ. ಮರ್ಯಾದಸ್ಥನಾದವನು ಆಗ ರಾಮ ರಾಮ ಎನ್ನಬೇಕಿತ್ತು, ಇಲ್ಲವೇ ಹೆಂಡತಿಯನ್ನು ಎಳೆದುಕೊಂಡು ಓಡಬೇಕಿತ್ತು. ನನ್ನ ಬಾಯಿಂದ ಬಂದದ್ದು ಹುಟ್ಟುಗುಣ: ‘ಹುಷಾರು! ತಿರುವಲ್ಲಿ ಗುಂಡಿ ಇದೆ!’

ಬೆಲ್ಲು ನಿಂತಿತು. ಸರಸರ ಸದ್ದು ನಮ್ಮ ಪಕ್ಕದಲ್ಲೇ ನಿಧಾನವಾಗಿ ಹಾದುಹೋಯಿತು.

ಶ್ರೀಕಂಠಯ್ಯನವರಿಗೆ ಎಲ್ಲವನ್ನೂ ಹೇಳಿದೆ. ಶಾರದೆ ಬಿದ್ದದ್ದಕ್ಕೆ ಕೂಗಿದ ನಾನೇ ಹೊಣೆ ಎಂದು ಮೊದಲು ತೀರ್ಪು ಕೊಟ್ಟರು. ಇನ್ನೊಬ್ಬರ ವಿಷಯಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ‘ಗುಂಡಿ ಇದೆ ಅಂದ್ರಿ, ಅಂದ್ರೆ ನಿಮಗೆ ಗೊತ್ತಿತ್ತು. ಆಚೆ ಹೋಗು ಅನ್ನಲಿಲ್ಲ, ಹುಷಾರು ಅಂದ್ರಿ. ಇನ್ನೇನು ಸ್ವಾಮಿ, ಅವರು ನಿಮ್ಮ ಅತಿಥಿ.’

ದೆವ್ವಗಿವ್ವ ನಾನು ಇವತ್ತಿಗೂ ನಂಬುವುದಿಲ್ಲ. ಆದರೆ ನಂಬಿಕೆ ಬೇರೆ, ಜವಾಬ್ದಾರಿ ಬೇರೆ. ಅವತ್ತು ಸಂಜೆಯೇ ದಾರಿಯ ಮೇಲಿನ ಕಲ್ಲುಗಳನ್ನೆಲ್ಲ ಆರಿಸಿ, ಗುಡಿಸಿ, ತಿರುವಿನ ಗುಂಡಿಗೆ ಎರಡು ಬಾಂಡ್ಲಿ ಮಣ್ಣು ಸುರಿದು ತಟ್ಟಿ ಬಂದೆ. ಮರುದಿನ ಶಾರದೆ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಇನ್ನೂ ಮಲಗಿದ್ದಳು. ಹಿತ್ತಲ ಬಾಗಿಲ ಚಿಲಕ ತೆಗೆದು ಒಬ್ಬನೇ ಹೋಗಿ ನೋಡಿದೆ. ನಾನು ಸುರಿದ ಹಸಿ ಮಣ್ಣಿನ ಮೇಲೆ ಗಾಲಿಯ ಗೆರೆಯೊಂದು ನೆಟ್ಟಗೆ ಹಾದುಹೋಗಿತ್ತು. ಬಗ್ಗಿ ಚೆನ್ನಾಗಿ ಪರೀಕ್ಷಿಸಿದೆ. ಎಲ್ಲೂ ಬಿದ್ದ ಗುರುತಿರಲಿಲ್ಲ. ಸದ್ಯ, ಬದುಕಿದೆ ಎಂದುಕೊಂಡು ಒಳಗೆ ಬಂದು ಗಡ್ಡ ಹೆರೆದುಕೊಂಡೆ.