ಮುದ್ದೆ ಅಗಿದ ದಿನ

ಮೈಸೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆದು ಎರಡೂವರೆ ತಿಂಗಳಾಗಿತ್ತು. ನೂರ ಮೂವತ್ತೆಂಟು ಕೆ.ಜಿ. ಇದ್ದವನು ನೂರ ಏಳಕ್ಕೆ ಇಳಿದಿದ್ದೆ. ಸಕ್ಕರೆ ಕಾಯಿಲೆ ಹತೋಟಿಗೆ ಬಂದಿತ್ತು, ಮಂಡಿನೋವು ಕಮ್ಮಿಯಾಗಿತ್ತು, ಹನಗೋಡಿನ ನಮ್ಮ ಹೊಗೆಸೊಪ್ಪಿನ ಹೊಲದ ಬದುವಿನ ಮೇಲೆ ಯಾರ ಕೈಯನ್ನೂ ಹಿಡಿಯದೆ ನಡೆಯುತ್ತಿದ್ದೆ. ಇಷ್ಟೆಲ್ಲ ಗೆದ್ದವನಿಗೆ ಸಾಲಿಗ್ರಾಮದ ಅಕ್ಕನ ಮನೆಯಲ್ಲಿ ಒಂದು ಹೊತ್ತಿನ ಊಟ ನಿಭಾಯಿಸುವುದು ಯಾವ ಮಹಾ ಎಂದುಕೊಂಡೆ.

ಅಕ್ಕನಿಗೆ ಆಪರೇಷನ್ ವಿಷಯ ಹೇಳಿರಲಿಲ್ಲ. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನಾರು. ಮದುವೆಯಾಗಿ ಸಾಲಿಗ್ರಾಮಕ್ಕೆ ಹೋಗುವಾಗ ನನ್ನನ್ನೂ ಕಂಕುಳಲ್ಲಿ ಎತ್ತಿಕೊಂಡೇ ಹೋದವಳು. ದೊಡ್ಡವನಾಗಿ ಅಪ್ಪನ ಜಮೀನಿಗೆ ವಾಪಸು ಬರುವವರೆಗೂ ಅವಳ ಅಡುಗೆಯನ್ನೇ ತಿಂದು ಬೆಳೆದೆ. ಈ ದೇಹದ ಒಂದೊಂದು ಕೆ.ಜಿ.ಯೂ ಅವಳ ಕೈಯ ಕೆಲಸ. ಅದನ್ನು ಕರಗಿಸಲು ಡಾಕ್ಟರಿಗೆ ಹೊಟ್ಟೆ ಒಡ್ಡಿ ಬಂದೆ ಎಂದು ಅವಳೆದುರು ಹೇಳುವ ಧೈರ್ಯ ನನಗಿರಲಿಲ್ಲ. ಸಕ್ಕರೆ ಕಾಯಿಲೆಗೆ ಚಿಕಿತ್ಸೆ ನಡೀತಿದೆ ಎಂದು ಫೋನಿನಲ್ಲಿ ಅರ್ಧ ಸತ್ಯ ಹೇಳಿ ಮುಗಿಸಿದ್ದೆ.

ಆದರೆ ಕೆ.ಆರ್. ನಗರದ ಮದುವೆಯೊಂದರಲ್ಲಿ ನನ್ನನ್ನು ಕಂಡ ಯಾರೋ ಮಹನೀಯರು, ನಿಮ್ಮ ತಮ್ಮ ಅರ್ಧ ಆಗಿಬಿಟ್ಟಿದ್ದಾನೆ ಎಂದು ಅಕ್ಕನಿಗೆ ವರದಿ ಒಪ್ಪಿಸಿದರು. ಮರುದಿನವೇ ಫೋನ್ ಬಂತು. ನನ್ನ ಹೆಂಡತಿ ಲಲಿತಾ ನನಗೆ ಹೊಟ್ಟೆಗೆ ಹಾಕುತ್ತಿಲ್ಲ ಎಂಬುದು ಆರೋಪ. ಆರೋಪಿ ಇಪ್ಪತ್ತು ನಿಮಿಷ ಕೇಳಿಸಿಕೊಂಡು, ಫೋನ್ ಇಟ್ಟು, ನನ್ನ ಕಡೆ ತಿರುಗಿದಳು.

"ನೀವಾಗಿ ಹೇಳ್ತೀರೋ, ನಾನೇ ಹೇಳ್ಲೋ?"

"ಭಾನುವಾರ ಹೋಗೋಣ. ಊಟ ಮುಗಿಸಿ ನಿಧಾನಕ್ಕೆ ನಾನೇ ಹೇಳ್ತೀನಿ."

ಇದು ನನ್ನ ಮೊದಲ ತಪ್ಪು. ಊಟ ಮುಗಿಸುವ ಯೋಗ್ಯತೆಯೇ ಇಲ್ಲದವನು ಊಟ ಮುಗಿಸಿ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಬಸ್ಸಿನಲ್ಲಿ ನನ್ನ ಯೋಜನೆಯನ್ನು ವಿವರಿಸಿದೆ. ಲಲಿತಾ ನನ್ನ ಪಕ್ಕದಲ್ಲೇ ಊಟಕ್ಕೆ ಕೂರುವುದು, ಅಕ್ಕ ಅಡುಗೆಮನೆಗೆ ಹೋದಾಗಲೆಲ್ಲ ನನ್ನ ತಟ್ಟೆಯದು ಅವಳ ತಟ್ಟೆಗೆ ಹೋಗುವುದು. ಲಲಿತಾ ಕಿಟಕಿಯಾಚೆ ನೋಡುತ್ತಿದ್ದಳು.

ಅಕ್ಕ ನಾಟಿಕೋಳಿ ಸಾರು ಮಾಡಿದ್ದಳು. ಹಾಕಿದ್ದು ಒಂದೇ ತಟ್ಟೆ. ಲಲಿತಾಳನ್ನು ಆಮೇಲೆ ಕೂತುಕೋ ಎಂದು ಪಕ್ಕಕ್ಕೆ ಸರಿಸಿ, ತೆಂಗಿನಕಾಯಿ ಗಾತ್ರದ ಮುದ್ದೆಯಿಟ್ಟು, ಸೌಟು ಹಿಡಿದು ಎದುರಿಗೇ ನಿಂತಳು. ನನ್ನ ಯೋಜನೆ ಅಲ್ಲಿಗೆ ಮುಗಿಯಿತು.

ಡಾಕ್ಟರು ಹೇಳಿದ್ದು ಹೀಗೆ: ಒಂದು ಹೊತ್ತಿಗೆ ನಾಲ್ಕು ಚಮಚ, ಬಟಾಣಿಯಷ್ಟು ತುತ್ತು, ಪ್ರತಿ ತುತ್ತನ್ನೂ ಮೂವತ್ತು ಸಲ ಅಗಿಯಬೇಕು. ಆದರೆ ಮುದ್ದೆ ಅಗಿಯುವ ಪದಾರ್ಥವಲ್ಲ. ಮುರಿದು, ಸಾರಿನಲ್ಲಿ ಅದ್ದಿ, ಗಂಟಲಿಗೆ ಇಳಿಸುವುದು. ನಮ್ಮ ಕಡೆ ಮಕ್ಕಳು ನಡೆಯುವುದಕ್ಕೆ ಮೊದಲೇ ಇದನ್ನು ಕಲಿಯುತ್ತವೆ. ಐವತ್ತೆರಡನೇ ವಯಸ್ಸಿನಲ್ಲಿ, ಸಾಕಿದವಳ ಎದುರಿನಲ್ಲಿ, ನಾನು ಮುದ್ದೆ ಅಗಿಯಲು ಶುರುಮಾಡಿದೆ. ಹಲ್ಲಿಗೆ ಅಂಟಿಕೊಂಡಿತು. ಮನಸ್ಸಿನಲ್ಲೇ ಎಣಿಸುತ್ತ ಹದಿನೆಂಟಕ್ಕೆ ಬಂದಾಗ ತಲೆಯೆತ್ತಿ ನೋಡಿದೆ. ಅಕ್ಕನ ಮುಖ ಬಿಳಿಚಿಕೊಂಡಿತ್ತು.

ತನ್ನ ಮುದ್ದೆಗೆ ಅವಮಾನವಾಯಿತೆಂದು ಕೋಪ ಬಂದಿರಬೇಕು ಎಂದುಕೊಂಡೆ. ಇದು ಎರಡನೇ ತಪ್ಪು. ಸಮಾಧಾನ ಮಾಡಲು ನಿಂಬೆಹಣ್ಣಿನ ಗಾತ್ರಕ್ಕೆ ಮುರಿದು, ಅದ್ದಿ, ಹಳೇ ಕಾಲದ ಹಾಗೆ ಒಂದೇ ಸಲಕ್ಕೆ ನುಂಗಿ, ಅವಳನ್ನು ನೋಡಿ ನಕ್ಕೆ.

ನಗು ಪೂರ್ತಿಯಾಗಲಿಲ್ಲ. ಎದೆಯ ನಡುವೆ ಯಾರೋ ಮುಷ್ಟಿ ಇಟ್ಟು ಅದುಮಿದ ಹಾಗಾಯಿತು. ಬಾಯಿತುಂಬ ಜೊಲ್ಲು, ಕಣ್ಣುತುಂಬ ನೀರು. ಎದ್ದು ಹಿತ್ತಲಿಗೆ ಓಡಿ, ಬಟ್ಟೆ ಒಗೆಯುವ ಕಲ್ಲನ್ನು ಹಿಡಿದುಕೊಂಡು ಎಲ್ಲವನ್ನೂ ಕಾರಿದೆ. ಎರಡೂವರೆ ತಿಂಗಳ ವಿಜಯಯಾತ್ರೆ ಆ ಕಲ್ಲಿನ ಬುಡದಲ್ಲಿ ಮುಕ್ತಾಯವಾಯಿತು.

ಬಾಯಿ ತೊಳೆದು ಒಳಗೆ ಬಂದರೆ ಅಕ್ಕ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ನನ್ನ ಕಡೆ ನೋಡಲಿಲ್ಲ. ಲಲಿತಾಳನ್ನು ಕೇಳಿದಳು:

"ಎಷ್ಟ್ ದಿನ ಅಂದ್ರು ಡಾಕ್ಟ್ರು?"

ಲಲಿತಾ ನನ್ನ ಮುಖ ನೋಡಿದಳು. ನನಗೆ ಇನ್ನೂ ಅರ್ಥವಾಗಿರಲಿಲ್ಲ.

"ನಿಮ್ ಭಾವನೂವೆ ಇಂಗೇಯ ಮುದ್ದೆ ಅಗೀತಿದ್ರು ಕಣೋ," ಅಂದಳು ಅಕ್ಕ. "ಅಗ್ದು ಅಗ್ದು ನುಂಗೋರು. ಆಮೇಕೆ ಅದೂ ಇಳೀಲಿಲ್ಲ."

ಭಾವ ಅನ್ನನಾಳದ ಕ್ಯಾನ್ಸರಿನಲ್ಲಿ ತೀರಿಕೊಂಡು ಆರು ವರ್ಷವಾಗಿತ್ತು. ಕೊನೆಯ ತಿಂಗಳುಗಳಲ್ಲಿ ಅವರು ಹೇಗೆ ಊಟ ಮಾಡುತ್ತಿದ್ದರೆಂದು ನಾನು ನೋಡಿಯೇ ಇರಲಿಲ್ಲ. ಬ್ಯಾರನ್‌ನಲ್ಲಿ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಕಾಲ, ಬಿಡುವಿರಲಿಲ್ಲ. ತಿಥಿ ಊಟಕ್ಕೆ ಮಾತ್ರ ಮೊದಲ ಪಂಕ್ತಿಯಲ್ಲೇ ಕೂತಿದ್ದೆ.

ಅಂಗಿ ಎತ್ತಿ ಹೊಟ್ಟೆಯ ಮೇಲಿನ ಐದು ಗಾಯದ ಗುರುತುಗಳನ್ನು ತೋರಿಸಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಕ್ಕ ಒಂದೊಂದೇ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಚೆಂದಾಗಿರೋ ಒಟ್ಟೆಯ ನೀನೇ ಓಗಿ ಕುಯ್ಸ್ಕೊಂಡ್ಯಾ?"

"ಹೂಂ ಅಕ್ಕ."

"ಆ ಕಾಯ್ಲೆ ಅಲ್ವಾ?"

"ಅಲ್ಲ."

ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ನನಗಾಗಿಯೋ ಭಾವನಿಗಾಗಿಯೋ ತಿಳಿಯಲಿಲ್ಲ. ಆಮೇಲೆ ಲಲಿತಾಳ ಕೈ ಹಿಡಿದು ಊಟಕ್ಕೆ ಎಬ್ಬಿಸಿದಳು.

ಪಾತ್ರೆಯಲ್ಲಿ ಸಾರು ಹಾಗೇ ಇತ್ತು. ಇಬ್ಬರೂ ಊಟಕ್ಕೆ ಕೂತರು. ಬೇರೆ ಕೆಲಸವಿಲ್ಲದ ನಾನು ಎದುರಿಗೆ ಕೂತು ನೋಡುತ್ತಿದ್ದೆ. ಅಕ್ಕ ಊಟ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ಅಲ್ಲಿಯವರೆಗೆ ಅವಳು ತಟ್ಟೆ ಹಾಕಿಕೊಳ್ಳುವ ಹೊತ್ತಿಗೆ ನಾನು ತಿಂದು ಮಲಗಿರುತ್ತಿದ್ದೆ. ಅವಳು ಸೌಟಿನಲ್ಲಿ ಹುಡುಕಿ ಹುಡುಕಿ ಕೋಳಿಯ ಕುತ್ತಿಗೆ ಮತ್ತು ಪಾದಗಳನ್ನು ತಟ್ಟೆಗೆ ಹಾಕಿಕೊಂಡಳು.

"ತೊಡೆ ಹಾಕ್ಕೋ ಅಕ್ಕ, ಅಷ್ಟೊಂದಿದೆ."

"ಅದು ನಿಂಗೆ ಅಂತ್ಲೇ ಎತ್ತಿಡದು. ನಂಗೆ ಅಭ್ಯಾಸ ಇಲ್ಲ ಬುಡು."

ನಾನೇ ಎದ್ದು ಒಂದು ತೊಡೆ ತುಂಡನ್ನು ಅವಳ ತಟ್ಟೆಗೆ ಹಾಕಿದೆ. ಅದನ್ನು ಅಂಚಿಗೆ ಸರಿಸಿಟ್ಟು ಉಳಿದದ್ದನ್ನು ತಿಂದಳು.

ಹೊರಡುವಾಗ ಸ್ಟೀಲ್ ಡಬ್ಬಿಯೊಂದನ್ನು ನನ್ನ ಕೈಗಿಟ್ಟಳು. ಮುಚ್ಚಳ ತೆಗೆದು ನೋಡಿದೆ. ತೊಡೆ ತುಂಡುಗಳೆಲ್ಲ ಅದರಲ್ಲೇ ಇದ್ದವು. ದಿನಕ್ಕೆ ಒಂದೊಂದು ಚೂರಾದರೂ ತಿನ್ನು ಅಂದಳು.

ಬಸ್ಸು ಕೆ.ಆರ್. ನಗರ ದಾಟಿದ ಮೇಲೆ ಲಲಿತಾ ನನ್ನ ತೊಡೆಯ ಮೇಲಿದ್ದ ಡಬ್ಬಿಯನ್ನು ನೋಡಿ, "ಇದನ್ಯಾಕ್ರೀ ತಗೊಂಡ್ರಿ?" ಅಂದಳು.

ಅಕ್ಕ ಕೊಟ್ಟಳು, ತಗೊಂಡೆ, ಅಂದೆ. ಬುದ್ಧಿ ಬಂದಾಗಿನಿಂದ ನಾನು ಮಾಡಿಕೊಂಡು ಬಂದಿರುವುದು ಅದೊಂದೇ ಕೆಲಸ.