ತಾಮ್ರದ ಹಂಡೆಯವರಿಗೆ ಹೆಣ್ಣಿನ ತಂದೆಯ ದೂರು

ಇವರಿಗೆ,
ಶ್ರೀ ತಾಮ್ರದ ಹಂಡೆಯವರು,
ಬೆಲ್ಲದ ರಮ್ಮು, ಜಿನ್ನು ಮುಂತಾದವನ್ನು ಭಟ್ಟಿ ಇಳಿಸುವ ಸಣ್ಣ ಡಿಸ್ಟಿಲರಿ,
ಭೀಮನಬೀಡಿನ ಆಚೆ, ಗುಂಡ್ಲುಪೇಟೆ ತಾಲ್ಲೂಕು.

ಮಾನ್ಯರೇ,

ಬೇಗೂರಿನ ಬಸ್ ನಿಲ್ದಾಣದ ಹತ್ತಿರ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇಟ್ಟುಕೊಂಡಿರುವ ಶಿವಶಂಕರನಾದ ನಾನು ತಮಗೆ ಎರಡೂ ಕೈ ಜೋಡಿಸಿ ನಮಸ್ಕರಿಸಿ, ತಮ್ಮ ದುಂಡು ಹೊಟ್ಟೆಯೂ ಉದ್ದ ಕುತ್ತಿಗೆಯೂ ಕ್ಷೇಮವಾಗಿವೆ, ಅಡುಗೆಮನೆಯ ಕುಕ್ಕರಿನಂತೆ ಆತುರಪಟ್ಟು ಕೂಗಾಡದೆ ತಾವು ಎಂದಿನ ಗಾಂಭೀರ್ಯದಲ್ಲೇ ಕುದಿಯುತ್ತಿದ್ದೀರಿ ಎಂದು ನಂಬಿಕೊಂಡು ಈ ದೂರನ್ನು ಸಲ್ಲಿಸುತ್ತಿದ್ದೇನೆ. ತಮ್ಮ ಮಾಲೀಕರಿಗೇ ಬರೆಯಬಹುದಿತ್ತು. ಆದರೆ ಅವರು ಬಹಳ ಸಜ್ಜನರು, ಓದಿದ ಕೂಡಲೇ ಕ್ಷಮೆ ಕೇಳಿ ಸಮಾಧಾನಕ್ಕೆಂದು ಒಂದು ಬಾಟಲಿ ಕಳಿಸಿಬಿಟ್ಟಾರು, ಆ ಬಾಟಲಿ ಮನೆಗೆ ಬಂದರೆ ನನ್ನ ಹೆಂಡತಿ ನಾಗಲಕ್ಷ್ಮಿಗೆ ಉತ್ತರ ಹೇಳಬೇಕಾದವನು ನಾನು. ಬಹಿರಂಗವಾಗಿ ಯಾಕೆ ಬರೆಯುತ್ತಿದ್ದೇನೆಂದರೆ, ನಡೆದ ಸಂಗತಿ ಈಗಾಗಲೇ ಬೇಗೂರಿನಿಂದ ಚಾಮರಾಜನಗರದವರೆಗೆ ಎಲ್ಲರ ಬಾಯಲ್ಲೂ ಇದೆ, ಅದರಲ್ಲಿ ಅರ್ಧಕ್ಕರ್ಧ ಸುಳ್ಳು. ಉಳಿದರ್ಧವನ್ನಾದರೂ ನಾನೇ ಹೇಳಿಬಿಡುವುದು ಮರ್ಯಾದೆ ಅನ್ನಿಸಿತು.

ದೂರಿಗೆ ಮುಂಚೆ ತಮಗೆ ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸುತ್ತೇನೆ. ನಮ್ಮ ಮಗಳು ರೂಪಶ್ರೀ ಮೈಸೂರಿನಲ್ಲಿ ಕೆಮಿಸ್ಟ್ರಿ ಓದಿ ಬಂದವಳು, ತಮ್ಮಲ್ಲಿ ಕೆಲಸಕ್ಕಿದ್ದಾಳೆ ಎಂಬುದು ತಮಗೆ ಗೊತ್ತೇ ಇದೆ. ನಮ್ಮ ಬಚ್ಚಲಮನೆಯಲ್ಲೂ ಒಂದು ತಾಮ್ರದ ಹಂಡೆಯಿದೆ, ಅದೂ ತಮ್ಮ ಕುಲದ್ದೇ, ಹುಟ್ಟಿದಾಗಿನಿಂದ ಅವಳು ಅದಕ್ಕೆ ಒಂದು ಸೌದೆ ಒಟ್ಟಿದ್ದನ್ನಾಗಲಿ, ಹುಣಸೆಹಣ್ಣು ಹಾಕಿ ಉಜ್ಜಿದ್ದನ್ನಾಗಲಿ ನಾನು ಕಂಡಿಲ್ಲ. ಅಂಥವಳು ತಮಗಾಗಿ ಹಾಲಿನವನು ಬರುವ ಮೊದಲೇ ಎದ್ದು, ಸ್ಕೂಟರ್ ಹತ್ತಿ, ಇಬ್ಬನಿಯಲ್ಲಿ ನೆನೆದುಕೊಂಡು ಓಡಿಬರುತ್ತಾಳೆ. ತಮಗೆ ಸ್ವಲ್ಪ ಕಾವು ಹೆಚ್ಚಾದರೆ ಅವಳಿಗೆ ಊಟ ಸೇರುವುದಿಲ್ಲ. ನನಗೆ ಜ್ವರ ಬಂದಾಗ ಫೋನಿನಲ್ಲೇ ಮಾತ್ರೆಯ ಹೆಸರು ಹೇಳಿ ಮುಗಿಸಿದವಳು ತಮ್ಮ ಮೈಮುಟ್ಟಿ ನೋಡಲು ಎಷ್ಟು ಸಲ ಬರುತ್ತಾಳೋ ತಾವೇ ಬಲ್ಲಿರಿ. ಹೆತ್ತವರಿಂದ ಆಗದ್ದನ್ನು ಮಾತಿಲ್ಲದೆ, ಬೈಗುಳವಿಲ್ಲದೆ, ಬರೀ ಹೊಟ್ಟೆ ಮುಂದು ಮಾಡಿಕೊಂಡು ಕೂತು ಸಾಧಿಸಿದ ತಮ್ಮ ಸಾಮರ್ಥ್ಯಕ್ಕೆ ನನ್ನ ಅಭಿನಂದನೆಗಳು.

ಈಗ ವಿಷಯಕ್ಕೆ ಬರುತ್ತೇನೆ. ಹೆಣ್ಣು ಬೆಳೆದ ಮನೆಗೆ ಸಂಬಂಧಗಳು ಬರುವುದು ಸಹಜ, ಬಂದವರು ಹುಡುಗಿ ಏನು ಕೆಲಸ ಮಾಡುತ್ತಾಳೆಂದು ಕೇಳುವುದೂ ಸಹಜ. ಫ್ಯಾಕ್ಟರಿಯಲ್ಲಿ ಕೆಮಿಸ್ಟ್ ಎನ್ನುತ್ತಿದ್ದೆ. ಯಾವ ಫ್ಯಾಕ್ಟರಿ ಎಂದರೆ ಈ ಸಲದ ಮಳೆಯ ವಿಚಾರ ತೆಗೆಯುತ್ತಿದ್ದೆ. ಹೀಗೆ ಮಳೆಯ ಮೇಲೆ ಮಳೆ ಸುರಿಸಿ ಕಾಲ ಹಾಕುತ್ತಿರುವಾಗ ಚಾಮರಾಜನಗರದ ಬಟ್ಟೆ ವ್ಯಾಪಾರಿ ಸಿದ್ದಮಲ್ಲಪ್ಪನವರಿಂದ ಅವರ ಮಗ ಮಲ್ಲೇಶನಿಗೆ ಹೆಣ್ಣು ಕೇಳಿ ಮಾತು ಬಂತು. ಹುಡುಗ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ, ಮಾತು ಕಡಿಮೆ, ಒಳ್ಳೆಯ ಮನೆತನ. ಅವರಿಗೆ ಯಾರೋ ಪುಣ್ಯಾತ್ಮರು ತಮ್ಮ ವಿಚಾರ ಮುಟ್ಟಿಸಿದರು. ಸಂಬಂಧ ಮುರಿಯಿತು ಅಂದುಕೊಂಡೆ. ಆದರೆ ಸಿದ್ದಮಲ್ಲಪ್ಪನವರ ತಾಯಿ ದೊಡ್ಡಮಲ್ಲಮ್ಮನವರು, ಹುಡುಗಿಯನ್ನು ಅವಳು ಕೆಲಸ ಮಾಡುವ ಜಾಗದಲ್ಲೇ ನೋಡಬೇಕೆಂದು ಹಟ ಹಿಡಿದರಂತೆ. ಅವರಿಗೆ ಬಿಡುವು ಭಾನುವಾರ ಮಾತ್ರ, ಭಾನುವಾರವೋ ತಮ್ಮಲ್ಲಿ ಬಂದವರಿಗೆಲ್ಲ ರುಚಿ ತೋರಿಸುವ ದಿನ, ಅದನ್ನು ನಡೆಸಿಕೊಡುವವಳೇ ನಮ್ಮ ರೂಪಶ್ರೀ, ಅವಳಿಗೆ ರಜೆಯಿಲ್ಲ. ಹೀಗೆ ಹೆಣ್ಣು ನೋಡುವ ಶಾಸ್ತ್ರ ತಮ್ಮ ಸನ್ನಿಧಿಯಲ್ಲೇ ಆಗುವುದೆಂದು ತೀರ್ಮಾನವಾಯಿತು, ಆಮೇಲೆ ನಮ್ಮ ಮನೆಯಲ್ಲಿ ಹೋಳಿಗೆ ಊಟ ಎಂದು ನಾಗಲಕ್ಷ್ಮಿ ಬೆಳಗ್ಗೆಯೇ ಬೇಳೆ ಬೇಯಲು ಇಟ್ಟಳು.

ನನಗೆ ಇದರಲ್ಲೊಂದು ಅನುಕೂಲ ಕಂಡಿತ್ತೆಂದು ತಮ್ಮ ಮುಂದೆ ಮುಚ್ಚಿಡುವುದಿಲ್ಲ. ಈ ಕೆಲಸ ಬಿಡು ಎಂದು ಮಗಳಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಬೀಗರು ಹೇಗೂ ನೋಡುತ್ತಾರೆ, ಹುಡುಗಿ ಒಪ್ಪಿಗೆ, ಕೆಲಸ ಮಾತ್ರ ಬೇಡ ಎನ್ನುತ್ತಾರೆ, ನಾನು ತಲೆಯಾಡಿಸುತ್ತೇನೆ, ಕೆಟ್ಟವರಾಗುವವರು ಅವರು, ಒಳ್ಳೆಯವನಾಗಿ ಉಳಿಯುವವನು ನಾನು. ಗುಂಡ್ಲುಪೇಟೆಯ ಮಹಬೂಬನ ವ್ಯಾನಿನಲ್ಲಿ ಗಂಡಿನ ಕಡೆಯವರನ್ನು ಕೂರಿಸಿಕೊಂಡು ಬರುವಾಗ ಇದನ್ನೇ ನೆನೆದು ಹಿತವಾಗಿದ್ದೆ.

ಮಾನ್ಯರೇ, ತಮಗೆ ನಮ್ಮ ಕಡೆಯ ಶಾಸ್ತ್ರ ಗೊತ್ತಿರಲಿಕ್ಕಿಲ್ಲ. ಹುಡುಗಿ ತಟ್ಟೆಯಲ್ಲಿ ಕಾಫಿ ತರುತ್ತಾಳೆ. ಗಂಡಿನ ಕಡೆಯವರು ಎತ್ತಿಕೊಂಡು ಪೂರ್ತಿ ಕುಡಿದರೆ ಮನಸ್ಸಿದೆ ಎಂದರ್ಥ, ತುಟಿಗೆ ಸೋಕಿಸಿ ಕೆಳಗಿಟ್ಟರೆ ಆಮೇಲೆ ಫೋನ್ ಮಾಡುತ್ತೇವೆ ಎಂದರ್ಥ, ಆ ಫೋನ್ ಯಾವತ್ತೂ ಬರುವುದಿಲ್ಲ. ಅಂದು ತಮ್ಮ ಹಜಾರದಲ್ಲಿ, ಬಂಡೀಪುರಕ್ಕೆ ಹುಲಿ ನೋಡಲು ಹೋಗಿ ಜಿಂಕೆ ನೋಡಿ ಬಂದ ಪ್ರವಾಸಿಗಳ ಸಾಲಿನಲ್ಲೇ ನಮ್ಮನ್ನೂ ಕೂರಿಸಿದರು. ಒಳಗಿನಿಂದ ನಮ್ಮ ರೂಪಶ್ರೀ ಏಪ್ರನ್ ಕಟ್ಟಿಕೊಂಡು, ಕೈಯಲ್ಲಿ ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಪುಟ್ಟ ಪುಟ್ಟ ಗಾಜಿನ ಲೋಟಗಳು. ಸಿದ್ದಮಲ್ಲಪ್ಪನವರು ಸೆಟೆದು ಕೂತರು. ನಾನು ಮತ್ತೆ ಮಳೆಯ ವಿಚಾರ ತೆಗೆಯಲು ನೋಡಿದೆ.

ರೂಪಶ್ರೀ ಎಲ್ಲರಿಗೂ ಹೇಳುವ ಹಾಗೆಯೇ ನಮಗೂ ಹೇಳಿದಳು. ಮೊದಲು ಬಣ್ಣ ನೋಡಬೇಕು, ಆಮೇಲೆ ಮೂಗಿನ ಹತ್ತಿರ ಹಿಡಿಯಬೇಕು, ಒಂದು ಹನಿ ನಾಲಿಗೆಯ ಮೇಲಿಟ್ಟುಕೊಂಡು ಮೇಜಿನ ಮೇಲಿರುವ ಪಾತ್ರೆಗೆ ಉಗುಳಬಹುದು, ಕುಡಿಯದವರು ಬರೀ ವಾಸನೆ ನೋಡಿ ಚೆಲ್ಲಿದರೂ ಬೇಸರವಿಲ್ಲ. ಪ್ರವಾಸಿಗಳು ಹಾಗೇ ಮಾಡಿದರು. ಸಿದ್ದಮಲ್ಲಪ್ಪನವರಿಗೆ ಅದು ಹೇಗೆ ಸಾಧ್ಯ? ನೋಡಲು ಬಂದ ಹೆಣ್ಣು ಕೈಯಾರೆ ಕೊಟ್ಟಿದ್ದನ್ನು ಅವಳೆದುರಿಗೇ ಪಾತ್ರೆಗೆ ಉಗುಳುವುದೆಂದರೆ ಅವಳ ಮುಖಕ್ಕೆ ಬೇಡ ಎಂದ ಹಾಗೆ. ಮದ್ದಿಗೂ ಇದನ್ನು ಮುಟ್ಟಿದವನಲ್ಲ ಎಂದು ವ್ಯಾನಿನಲ್ಲಿ ದಾರಿಯುದ್ದಕ್ಕೂ ಹೇಳುತ್ತ ಬಂದಿದ್ದ ಆ ಹಿರಿಯರು, ಮನೆತನದ ಮರ್ಯಾದೆಗಾಗಿ ಕಣ್ಣುಮುಚ್ಚಿ ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿ ಮೀಸೆ ಒರೆಸಿಕೊಂಡರು. ಒರೆಸಿಕೊಂಡ ರೀತಿಯಲ್ಲಿ ಅಭ್ಯಾಸವಿತ್ತು ಎಂದು ನಾನು ಹೇಳುವುದಿಲ್ಲ, ಮಹಬೂಬ ಹೇಳುತ್ತಾನೆ. ಎರಡನೆಯದೂ ಹಾಗೇ ಆಯಿತು. ಮೂರನೆಯದಕ್ಕೆ ಅವರು ತಟ್ಟೆ ಹತ್ತಿರ ಬರುವವರೆಗೂ ಕಾಯಲಿಲ್ಲ.

ಅತ್ತ ದೊಡ್ಡಮಲ್ಲಮ್ಮನವರು ಲೋಟವನ್ನು ಮೂಗಿನ ಹತ್ತಿರ ಹಿಡಿದು ಸಾವಧಾನವಾಗಿ ಮೂಸಿ, ಕೊತ್ತಂಬರಿ ಬೀಜ ಹುರಿದ ಹಾಗಿದೆಯಲ್ಲ ಎಂದು, ಒಂದು ಹನಿಯೂ ಮುಟ್ಟದೆ ಎಲ್ಲವನ್ನೂ ಪಾತ್ರೆಗೆ ಸುರಿದರು. ಇನ್ನು ಫೋನ್ ಬರುವುದಿಲ್ಲ ಎಂದುಕೊಂಡೆ. ಸರಿಯಾಗಿ ಮಾಡಿದಿರಿ ಅಜ್ಜಿ ಎಂದು ರೂಪಶ್ರೀ ನಕ್ಕಳು. ಹುಡುಗ ಮಲ್ಲೇಶ ಅವಳು ಹೇಳಿದ ಹಾಗೆಯೇ ಬಣ್ಣ ನೋಡಿ, ಮೂಸಿ, ಉಗುಳಿ, ಹಂಡೆಯಿಂದ ಬರುವುದೆಲ್ಲ ಕುಡಿಯಲು ಬರುತ್ತದೆಯೇ ಎಂದು ಕೇಳಿದ. ಕುಡಿದವರು ಒಪ್ಪಿದರೋ, ಚೆಲ್ಲಿದವರು ಒಪ್ಪಿದರೋ, ನಮ್ಮ ಹಿರಿಯರು ಮಾಡಿಟ್ಟ ಶಾಸ್ತ್ರ ಅಂದು ತಮ್ಮ ಮೇಜಿನ ಮೇಲೆ ಕಲಸಿಹೋಯಿತು.

ಹುಡುಗನ ಪ್ರಶ್ನೆಗೆ ಉತ್ತರ ಕೊಡಲು ಅವಳು ನಮ್ಮನ್ನು ತಮ್ಮ ಹತ್ತಿರ ಕರೆತಂದಳು, ತಾವೂ ಕೇಳಿಸಿಕೊಂಡಿರುತ್ತೀರಿ. ತಮ್ಮಿಂದ ಮೊದಲು ಇಳಿಯುವುದು ಕೆಟ್ಟದ್ದು, ಅದನ್ನು ಚೆಲ್ಲಬೇಕು. ನಡುವಿನದು ಒಳ್ಳೆಯದು, ಅದನ್ನು ಇಟ್ಟುಕೊಳ್ಳಬೇಕು. ಕೊನೆಯದನ್ನು ಮತ್ತೆ ಕಾಯಿಸಬೇಕು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಮೂಸಿ ಹೇಳುವವಳು ಅವಳೇ ಅಂತೆ. ಯಾವ ಬಣ್ಣದ ಚೂಡಿದಾರ್ ಹಾಕಿಕೊಳ್ಳಲಿ ಎಂದು ಇವತ್ತಿಗೂ ಅಮ್ಮನನ್ನು ಕೇಳುವ ಹುಡುಗಿ, ಅವಳು ಸಾಕು ಎಂದರೆ ಇಡೀ ಕಾರ್ಖಾನೆಯೇ ನಲ್ಲಿ ತಿರುಗಿಸುತ್ತದೆಯಂತೆ. ಹೇಳುವಾಗ ಅವಳ ಒಂದು ಕೈ ತಮ್ಮ ಹೊಟ್ಟೆಯ ಮೇಲಿತ್ತು. ಮನೆಯಲ್ಲಿ ಯಾವತ್ತೂ ಅವಳು ಅಷ್ಟು ಮಾತಾಡಿದ್ದಿಲ್ಲ, ಮಾತಾಡು ಎಂದು ಯಾರೂ ಕೇಳಿರಲೂ ಇಲ್ಲ.

ಕೊನೆಯ ಲೋಟ ಬಂತು. ಹೆಣ್ಣಿನ ತಂದೆ ಆ ತಟ್ಟೆಯಿಂದ ಏನನ್ನೂ ಎತ್ತಿಕೊಳ್ಳುವ ಪದ್ಧತಿಯಿಲ್ಲವಾದ್ದರಿಂದ ನಾನು ಕೈ ಕಟ್ಟಿಕೊಂಡೇ ಇದ್ದೆ. ಅವಳು ಒಂದು ಲೋಟವನ್ನು ನನ್ನ ಮುಂದೆ ಹಿಡಿದು ಸಣ್ಣ ದನಿಯಲ್ಲಿ ಹೇಳಿದಳು: "ಕುಡೀಬ್ಯಾಡಪ್ಪ. ವಾಸ್ನೆ ನೋಡು ಸಾಕು. ಇದು ನಾನೇ ಮಾಡಿದ್ದು, ನಮ್ಮೂರ ಅರಿಶಿನ ಹಾಕಿ."

ಮೂಸಿದೆ. ಕೊಯ್ಲು ಮುಗಿದ ಮೇಲೆ ಅರಿಶಿನ ಬೇಯಿಸುವಾಗ ಹೊಲದ ಮೇಲೆ ಏಳುತ್ತದಲ್ಲ ಒಂದು ಆವಿ, ಅದೇ. ತಮ್ಮ ಹೊಟ್ಟೆಯಿಂದ ಬಂದ ನೀರಿನಲ್ಲಿ ನಮ್ಮ ಬೇಗೂರಿನ ಹೊಲ ಇತ್ತು. ನನಗೆ ಹೆಮ್ಮೆಯಾಯಿತು, ಮುಚ್ಚಿಟ್ಟು ಫಲವಿಲ್ಲ.

ಅದೇ ಹೊತ್ತಿಗೆ ಸಿದ್ದಮಲ್ಲಪ್ಪನವರು ಖಾಲಿ ಲೋಟವನ್ನು ಎತ್ತಿ ಹಿಡಿದುಕೊಂಡೇ ತೀರ್ಪು ಕೊಟ್ಟರು: "ಹುಡ್ಗಿ ಒಪ್ಗೆ ಕಣ್ರೀ ಬೀಗ್ರೆ. ಮದ್ವೆ ಆದ್ಮೇಲೆ ಈ ಕೆಲ್ಸ ಒಂದ ಬುಟ್ಬುಡ್ಲಿ. ನಮ್ಮ ಸೊಸೆ ಇಂತಾ ಜಾಗ್ದಲ್ಲಿ ನಿಂತವ್ಳೆ ಅಂದ್ರೆ ನಾಕ್ ಜನ ಏನಂದಾರು?"

ಗಮನಿಸಬೇಕು ಮಾನ್ಯರೇ, ನಾನು ಬಯಸಿ ಬಂದಿದ್ದು ಅಕ್ಷರಶಃ ಇದನ್ನೇ. ಆಗಲಿ ಎನ್ನುವ ಒಂದು ಮಾತು ಸಾಕಿತ್ತು. ಬಾಯಿಯನ್ನೂ ಅದಕ್ಕೇ ತೆರೆದೆ. ಬಂದದ್ದು ಬೇರೆ: "ಅವ್ಳು ಬುಡಕಿಲ್ಲ ಕಣ್ರೀ. ನಾನೂ ಬುಡು ಅನ್ನಕಿಲ್ಲ."

ಒಂದು ಹನಿಯೂ ಕುಡಿಯದ ನಾನು ಇದನ್ನು ಹೇಳಿದೆ, ಎಲ್ಲವನ್ನೂ ಕುಡಿದಿದ್ದ ಅವರು ಮರ್ಯಾದೆಯ ಮಾತಾಡಿದರು. ಸಿದ್ದಮಲ್ಲಪ್ಪನವರು ಕೋಪದಿಂದ ಎದ್ದುನಿಂತರು. ನಿಂತ ಮೇಲೆ ನೆಲ ಅವರಿಗೆ ಸಹಕರಿಸಲಿಲ್ಲವಾಗಿ ಮಹಬೂಬ ತೋಳು ಹಿಡಿದು ವ್ಯಾನಿನವರೆಗೆ ನಡೆಸಿಕೊಂಡು ಹೋದ, ಹಾಗೆಯೇ ಚಾಮರಾಜನಗರದ ಹಾದಿ ಹಿಡಿದ. ಹೋಗುವ ಮುಂಚೆ ದೊಡ್ಡಮಲ್ಲಮ್ಮನವರು ಹಿಂತಿರುಗಿ ಬಂದು ರೂಪಶ್ರೀಯ ಗಲ್ಲ ಮುಟ್ಟಿ, "ಕೆಲ್ಸ ಬುಡಬ್ಯಾಡ ಕಣಮ್ಮಿ. ನನ್ ಮಗಂಗೆ ಬುದ್ಧಿ ಏಳಾದು ನಂಗಿರ್ಲಿ" ಎಂದರು. ರೂಪಶ್ರೀ ನನ್ನ ಕಡೆ ನೋಡಲೇ ಇಲ್ಲ. ತಮ್ಮ ಹಿಂದೆ ಹೋಗಿ ನಿಂತು ಏಪ್ರನ್ನಿನಲ್ಲಿ ಮುಖ ಒರೆಸಿಕೊಂಡಳು, ನಾನು ತಮ್ಮ ಈ ಕಡೆ ನಿಂತು ಕನ್ನಡಕ ಒರೆಸಿಕೊಂಡೆ.

ಮನೆಯಲ್ಲಿ ಹೋಳಿಗೆ ರಾಶಿ ಬಿದ್ದಿತ್ತು. ನಡೆದದ್ದನ್ನು ಕೇಳಿ ನಾಗಲಕ್ಷ್ಮಿ ನನ್ನ ಎಲೆಗೆ ಹೋಳಿಗೆಯ ಮೇಲೆ ಹೋಳಿಗೆ ಬಡಿಸಿ, ಸಾಕು ಎಂದರೂ ಕೇಳದೆ ತುಪ್ಪ ಸುರಿದಳು. ಅದು ಶಿಕ್ಷೆಯೋ ಬಹುಮಾನವೋ ಇನ್ನೂ ತಿಳಿದಿಲ್ಲ.

ಆದ್ದರಿಂದ ನನ್ನ ಕೋರಿಕೆಗಳನ್ನು ದಯವಿಟ್ಟು ಪರಿಶೀಲಿಸಬೇಕು. ಕುಡಿಯದವನ ನಾಲಿಗೆಯನ್ನೂ ಬರೀ ವಾಸನೆಯಿಂದ ಸಡಿಲಿಸುವ ತಮ್ಮ ಈ ಅಭ್ಯಾಸವನ್ನು ಕೂಡಲೇ ನಿಲ್ಲಿಸಬೇಕು, ಇಲ್ಲವಾದರೆ ನನ್ನ ಅಂಗಡಿಗೆ ಬಂದು ಗೊಬ್ಬರ ಬಂದಿದೆಯೇ ಎಂದು ಕೇಳುವವರಿಗೆ ನಾನು ನಿಜ ಹೇಳಿಬಿಡುವ ಅಪಾಯವಿದೆ. ನಮ್ಮ ಮಗಳು ಸಂಜೆ ಮನೆಗೆ ಬರುವಾಗ ತಮ್ಮ ಹತ್ತಿರ ಅವಳಾಡುವ ಮಾತಿನಲ್ಲಿ ಸ್ವಲ್ಪವನ್ನು ತಾವು ಅವಳ ಜೊತೆ ಕಟ್ಟಿಕಳಿಸಬೇಕು, ನಮಗೂ ಕೇಳಬೇಕೆನ್ನಿಸಿದೆ. ಆಯುಧಪೂಜೆಯ ದಿನ ತಮಗೆ ಬಳಿಯುವ ವಿಭೂತಿ ನಮ್ಮ ಮನೆಯಿಂದಲೇ ಬರುತ್ತದೆ, ಹೊರಗಿನದನ್ನು ಬಳಿಸಿಕೊಳ್ಳಬಾರದು. ಹಾಗೂ ಅವಳ ಮದುವೆ ಯಾರ ಜೊತೆ ಎಲ್ಲೇ ನಡೆದರೂ, ಹೆಣ್ಣಿನ ಕಡೆಯ ಹಿರಿಯರಾಗಿ ತಾವು ಬಂದು ಮುಂದಿನ ಸಾಲಿನಲ್ಲಿ ಕೂರಬೇಕು. ಬರಲು ಲಾರಿ, ಇಳಿಸಲು ಕ್ರೇನು ನಮ್ಮ ಜವಾಬ್ದಾರಿ.

ತಮ್ಮ ಕಾವು ಸದಾ ಹದವಾಗಿರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಶಿವಶಂಕರ, ಬೇಗೂರು
(ರೂಪಶ್ರೀಯ ತಂದೆ, ತಮಗಿಂತ ಮೊದಲಿನಿಂದ)

ಮರೆತ ಮಾತು: ಅದರ ಮುಂದಿನ ಭಾನುವಾರ ಆ ಹುಡುಗ ಮಲ್ಲೇಶ ತಾನೊಬ್ಬನೇ ಬೈಕಿನಲ್ಲಿ ಬಂದು, ಎಲ್ಲರಂತೆ ಟಿಕೆಟ್ ಕೊಂಡು, ಸಾಲಿನ ತುದಿಯಲ್ಲಿ ಕೂತು, ಇನ್ನಷ್ಟು ಪ್ರಶ್ನೆ ಕೇಳಿ ಹೋದನಂತೆ, ಪ್ರಶ್ನೆ ಚೆನ್ನಾಗಿ ಕೇಳುತ್ತಾರೆ ಎಂದು ರೂಪಶ್ರೀ ಅಮ್ಮನ ಹತ್ತಿರ ಹೇಳಿದ್ದಾಳೆ. ಸಿದ್ದಮಲ್ಲಪ್ಪನವರೂ ಹೇಳಿಕಳಿಸಿದ್ದಾರೆ: ಕೆಲಸದ ವಿಚಾರ ಬೇಕಾದರೆ ಬಿಡೋಣ, ಆದರೆ ಹೆಣ್ಣನ್ನು ಅದೇ ಜಾಗದಲ್ಲಿ ಇನ್ನೊಮ್ಮೆ ಸರಿಯಾಗಿ ನೋಡಬೇಕು, ಈ ಸಲ ನನ್ನ ತಮ್ಮಂದಿರೂ ಜೊತೆಗೆ ಬರುತ್ತಾರೆ ಎಂದು. ಹೆಣ್ಣು ನೋಡಿದ್ದು ಸಾಕು, ಈ ಸಲ ನಾವೇ ಚಾಮರಾಜನಗರಕ್ಕೆ ಬರುತ್ತೇವೆ, ತಟ್ಟೆ ಹಿಡಿದುಕೊಂಡು ಹುಡುಗ ಬರಲಿ, ಕಾಫಿ ಅವನೇ ಮಾಡಿರಲಿ, ಕುಡಿಯುವುದೋ ಚೆಲ್ಲುವುದೋ ನಮ್ಮ ಹುಡುಗಿ ಮೂಸಿ ನೋಡಿ ಹೇಳುತ್ತಾಳೆ ಎಂದು ಉತ್ತರ ಕಳಿಸಿದ್ದೇನೆ.